ಮೇಗುತಿ ಗುಡ್ಡದ ಮೇಲಿನ ಹಡಗುಗಳು

ಇಳಕಲ್ಲಿನ ನಮ್ಮ ಅಜ್ಜಿಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇರುತ್ತಿತ್ತು. ಕೆಳಗೆ ಪಡಸಾಲೆಯಲ್ಲಿ ಮಗ್ಗದ ಸದ್ದು. ಮೇಲೆ, ಸಮುದ್ರವನ್ನೇ ಕಾಣದ ಆ ಊರಿನಲ್ಲಿ, ಸಮುದ್ರ ತುಂಬಿದ ಪೆಟ್ಟಿಗೆ. ಅದು ನೌಕಾಪಡೆಯಲ್ಲಿದ್ದ ನನ್ನ ಸೋದರಮಾವನದು. ರಜೆಗೆ ಬಂದಾಗ ಅವನು ಅದರ ಬೀಗ ತೆಗೆದರೆ ನಾವು ಹುಡುಗರು ಊಟ ಮರೆತು ಸುತ್ತ ಕೂರುತ್ತಿದ್ದೆವು. ಕೊಚ್ಚಿಯ ಕವಡೆ, ವಿಶಾಖಪಟ್ಟಣದ ಶಂಖ, ಕೊಲಂಬೊದ ಪೋಸ್ಟ್‌ಕಾರ್ಡು ಒಂದೊಂದಾಗಿ ಹೊರಬರುತ್ತಿದ್ದವು. ಎಲ್ಲಕ್ಕಿಂತ ಜೋಪಾನವಾಗಿ ತೆಗೆಯುತ್ತಿದ್ದುದು ಪರದೇಶದ ನಾವಿಕನೊಬ್ಬನ ಟೋಪಿಯ ಕಪ್ಪು ಪಟ್ಟಿ. 2001ರ ಫೆಬ್ರುವರಿಯಲ್ಲಿ ಹಲವು ದೇಶಗಳ ಯುದ್ಧನೌಕೆಗಳು ಮುಂಬಯಿಗೆ ಬಂದಾಗ, ತನ್ನದೊಂದು ಬಿಲ್ಲೆ ಕೊಟ್ಟು ಬದಲಿಗೆ ಪಡೆದದ್ದು ಅದು.

ಪ್ರತಿಯೊಂದಕ್ಕೂ ಮಾಮಾ ಒಂದು ಚೀಟಿ ಕಟ್ಟಿದ್ದ. ಬಂದರಿನ ಹೆಸರು, ತಾರೀಖು, ಅಷ್ಟೇ.

“ಚೀಟಿ ಯಾಕ ಕಟ್ಟೀದಿ ಮಾಮಾ?” ಎಂದು ಕೇಳಿದ್ದೆ.

“ಸಮುದ್ರ ಎಲ್ಲಾ ಕಡೆ ಒಂದ ಥರಾ ಕಾಣತೈತಿ. ಬರದಿಡಲಿಲ್ಲಂದ್ರ ಯಾವ ಊರಿಂದು ಯಾವದು ಅಂತ ನನಗ ಮರತು ಹೋಗತೈತಿ,” ಎಂದಿದ್ದ.

ಆ ಮಾತು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡ್ಡ ಹತ್ತಿ ನಿಂತಾಗ. ಅಲ್ಲಿಯ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಗಾಗಿ ನಾವೆಲ್ಲ ಶಾಲೆಯಲ್ಲಿ ಈ ಶಾಸನದ ಹೆಸರು ಕೇಳಿದ್ದೇವೆ. ಅದೇ ಶಾಸನದಲ್ಲಿ ಒಂದು ನೌಕಾಪಡೆಯೂ ಇದೆ. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ; ಹಡಗುಗಳು ಮದಗಜಗಳ ಸಾಲಿನಂತಿದ್ದವು; ಮೋಡ ಕವಿದ ಆಕಾಶ ಸಮುದ್ರದಂತೆ, ಸಮುದ್ರ ಆಕಾಶದಂತೆ ಕಂಡಿತು ಎಂದು ಕವಿ ಹೇಳುತ್ತಾನೆ. ಹಡಗನ್ನು ಕಾಣದ ಒಳನಾಡಿನವರಿಗೆ ಅದರ ಗಾತ್ರ ಹೇಳಬೇಕಾದರೆ ಆನೆಗಿಂತ ಒಳ್ಳೆಯ ಅಳತೆ ಯಾವುದಿದೆ?

ಬಾದಾಮಿಯ ಅರಸರಿಗೆ ಕಡಲು ಹೊಸದಾಗಿರಲಿಲ್ಲ. ಪುಲಕೇಶಿಯ ಚಿಕ್ಕಪ್ಪ ಮಂಗಳೇಶ ರೇವತೀದ್ವೀಪವನ್ನು ಗೆದ್ದದ್ದನ್ನೂ ಇದೇ ಶಾಸನ ಹೇಳುತ್ತದೆ. ನಮ್ಮ ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಮೂಡಣ ಕಡಲಿಗೆ ಹೋಗುತ್ತಾಳೆ. ಅವಳ ದಂಡೆಯ ಅರಸರು ಪಡುವಣ ಕಡಲಿಗೂ ಕಣ್ಣಿಟ್ಟಿದ್ದರು.

ಆ ಪುರಿ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಮುಂಬಯಿ ಬಂದರಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎನ್ನುವವರು ಹಲವರು. ಅದು ನಿಜವಾದರೆ, ಮಾಮಾ ಟೋಪಿಯ ಪಟ್ಟಿ ಪಡೆದ ನೀರಿನಲ್ಲೇ ಅವನಿಗಿಂತ 1300 ವರ್ಷಕ್ಕೂ ಹಿಂದೆ ನಮ್ಮ ಸೀಮೆಯ ಹಡಗುಗಳು ನಿಂತಿದ್ದವು. ಪುಲಕೇಶಿಯ ಪಡೆ ಹೋದದ್ದು ನೆಂಟನಾಗಿ ಅಲ್ಲ, ಮುತ್ತಿಗೆ ಹಾಕಲು. ಮಾಮಾ ಹೋದದ್ದು ಕೈಕುಲುಕಲು. ಈ ವ್ಯತ್ಯಾಸ ನನಗೆ ಸಣ್ಣದಲ್ಲ.

ಆದರೂ ಗುಡ್ಡದ ಮೇಲೆ ನನ್ನನ್ನು ಕಾಡಿದ್ದು ಅರಸನ ಗೆಲುವಲ್ಲ. ಆ ನೂರಾರು ಹಡಗುಗಳಲ್ಲಿ ಹುಟ್ಟು ಹಾಕಿದವರು, ಹಾಯಿ ಕಟ್ಟಿದವರು ಎಷ್ಟು ಜನ? ಮನೆಗೆ ಮರಳಿದವರು ಮಕ್ಕಳಿಗೆಂದು ಸೊಂಟದ ಗಂಟಿನಲ್ಲಿ ಒಂದು ಚಿಪ್ಪನ್ನಾದರೂ ಕಟ್ಟಿ ತಂದಿರಲಾರರೇ? ಆ ನಾವಿಕರ ಒಂದು ಹೆಸರೂ ಶಾಸನದಲ್ಲಿ ಉಳಿದಿಲ್ಲ. ಉಳಿದದ್ದು ಬರೆದಿಟ್ಟಷ್ಟು ಮಾತ್ರ.

ಬರೆದದ್ದರ ಬಲ ಎಂಥದೆಂಬುದಕ್ಕೆ ಇದೇ ಐಹೊಳೆ ಇನ್ನೊಂದು ಸಾಕ್ಷಿ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘಕ್ಕೆ ಹೆಸರು ಕೊಟ್ಟ ಊರಿದು. ದೂರದ ಸುಮಾತ್ರಾ ದ್ವೀಪದ ಬಾರೂಸ್ ಬಳಿ, 1088ರ ಒಂದು ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಅವರ ಹಡಗುಗಳು ಯಾವಾಗಲೋ ಕೊಳೆತು ಹೋದವು, ಕಲ್ಲು ಉಳಿಯಿತು. ಹಡಗು ಹೋಗಿ ಬರಹ ಉಳಿಯುವುದು ನಮ್ಮಲ್ಲಿ ಮಾತ್ರವಲ್ಲ. 1907ರ ಡಿಸೆಂಬರಿನಲ್ಲಿ ಅಮೆರಿಕದ 16 ಬಿಳಿ ಯುದ್ಧನೌಕೆಗಳು ಭೂಮಿ ಸುತ್ತಲು ಹೊರಟು, ಸಿಡ್ನಿ, ಯೊಕೊಹಾಮಾ, ಕೊಲಂಬೊ ಮುಟ್ಟಿ 1909ರ ಫೆಬ್ರುವರಿಯಲ್ಲಿ ಮನೆ ಸೇರಿದವು. ಆ ನೌಕೆಗಳೂ ಈಗಿಲ್ಲ. ನಾವಿಕರು ಮನೆಗೆ ಕಳಿಸಿದ ಪೋಸ್ಟ್‌ಕಾರ್ಡುಗಳನ್ನು ಜನ ಇಂದಿಗೂ ಹುಡುಕಿ ಕೂಡಿಡುತ್ತಾರೆ.

ನಮ್ಮ ಕಾರವಾರದಲ್ಲೇ 2025ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗನ್ನು ನೋಡಿ. ಎಂಜಿನ್ ಇಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ, ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಅದಕ್ಕೆ ಮಾದರಿ 5ನೇ ಶತಮಾನದ ಅಜಂತೆಯ ಗೋಡೆಯ ಒಂದು ಚಿತ್ರ. ಯಾರೋ ಒಬ್ಬ ಕಲಾವಿದ ತಾನು ಬಲ್ಲ ಹಡಗನ್ನು ಬರೆದಿಟ್ಟ. ಸಾವಿರದೈನೂರು ವರ್ಷಗಳ ಮೇಲೆ ಅದು ನೀರಿಗಿಳಿಯಿತು.

ಮಾಮಾ ಈಗಿಲ್ಲ. ಟ್ರಂಕು ನನ್ನ ಮನೆಗೆ ಬಂದಿದೆ. ಅವ್ವ ಅದಕ್ಕೆ ತನ್ನ ಹಳೆಯ ಇಳಕಲ್ ಸೀರೆಯ ತೋಪುತೆನಿ ಸೆರಗು ಹೊದಿಸಿದ್ದಾಳೆ. ಕವಡೆ ಬಣ್ಣಗೆಟ್ಟಿದೆ, ಪಟ್ಟಿಯ ಅಕ್ಷರಗಳು ಮಾಸಿವೆ. ಚೀಟಿಗಳನ್ನು ಮಾತ್ರ ಇನ್ನೂ ಓದಬಹುದು. ಅವು ಇರುವುದರಿಂದಲೇ ಕವಡೆ ಕೊಚ್ಚಿಯದು, ಪಟ್ಟಿ ಮುಂಬಯಿಯದು.

ಬಾಗಲಕೋಟೆ ಸೀಮೆಯಲ್ಲಿ ಸೈನ್ಯಕ್ಕೆ, ನೌಕಾಪಡೆಗೆ ಮಕ್ಕಳನ್ನು ಕಳಿಸಿದ ಮನೆಗಳು ಬಹಳ. ನಿಮ್ಮ ಅಟ್ಟದ ಮೇಲೂ ಅಂಥ ಪೆಟ್ಟಿಗೆ ಇದ್ದರೆ ಇಂದೇ ಕೆಳಗಿಳಿಸಿ. ತಂದವರು ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ: ಊರು, ತಾರೀಖು, ಮತ್ತು ತಂದವರ ಹೆಸರು.