ಕಾಕಾನ ಟಬ್ಬು

ನಮ್ಮ ಕಾಕಾ ಪುಣೆಯಲ್ಲಿ ನೌಕರಿ ಮುಗಿಸಿ ಬೈಲಹೊಂಗಲಕ್ಕೆ ಮರಳಿದಾಗ ಟೆಂಪೋ ತುಂಬ ಸಾಮಾನು ಬಂತು. ಅದರಲ್ಲಿ ಎಲ್ಲರ ಕಣ್ಣು ಬಿದ್ದದ್ದು ಒಂದು ಬಿಳಿ ಟಬ್ಬಿನ ಮೇಲೆ. ಬೆನ್ನು ನೋವಿಗೆ ಬಿಸಿನೀರಿನಲ್ಲಿ ಕೂಡಬೇಕು ಅಂತ ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಆಯಿ ಕಟ್ಟೆ ಮೇಲೆ ಕೂತು ಅದನ್ನು ಇಳಿಸೋದು ನೋಡಿದಳು. "ಎಮ್ಮಿಗೂ ಇಷ್ಟ ದೊಡ್ಡ ದೋಣಿ ಕಟ್ಟಿಸಿಲ್ಲೋ ನಾವು" ಅಂದಳು.

ತಿಂಗಳು ಯಾವುದೋ ಸರಿಯಾಗಿ ನೆನಪಿಲ್ಲ. ಹೊಲದಲ್ಲಿ ಸೀತನಿ ಸುಟ್ಟು ತಿಂದಿದ್ದೆವು, ಮುಂಜಾನೆ ಚಳಿ ಇತ್ತು. ಹಾಗಾದರೆ ಭರತ ಹುಣ್ಣಿಮೆಯ ಹಿಂದು ಮುಂದೇ ಇರಬೇಕು.

ಬಚ್ಚಲಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ದೇವರ ಜಗಲಿ. ಹಿಂದೊಮ್ಮೆ ಅದೇ ಬಚ್ಚಲಿಗೆ ಯಾರೋ ಗಡಿಬಿಡಿಯಲ್ಲಿ ಸಿಮೆಂಟಿನ ಮೇಲೇ ಟೈಲ್ಸ್ ಹಚ್ಚಿ ಹೋಗಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಜಗಲಿ ಕಡೆಯ ಬಣ್ಣ ಉಬ್ಬಿತು, ಬಿಳಿ ಉಪ್ಪು ಕಟ್ಟಿತು, ದೇವರ ಫೋಟೋದ ಹಿಂದಿನ ರಟ್ಟು ಮೆತ್ತಗಾಯಿತು. ಆಯಿ ಅದನ್ನು ಮರೆತಿರಲಿಲ್ಲ. "ಈ ಸಲ ನನ್ನ ಎಲ್ಲವ್ವನ ಮ್ಯಾಲ ಹನಿ ನೀರು ಬರಬಾರದು" ಅಂತ ಕಾಕಾನಿಗೆ ತಾಕೀತು ಮಾಡಿದಳು.

ಅದಕ್ಕೇ ಹುಡುಕಿ ಕರೆಸಿದ್ದು ರಾಮದುರ್ಗ ಕಡೆಯ ಗೌಂಡಿ ಅಜ್ಜನನ್ನು. ಮಲಪ್ರಭೆಯ ದಂಡೆಯ ಊರು ಅವನದು. 2019ರ ಆಗಸ್ಟ್‌ ತಿಂಗಳ ಹೊಳಿ ಅವನ ಮಣ್ಣಿನ ಮನೆಯನ್ನು ನೆನೆಸಿ ಕೆಡವಿತ್ತು. ಆ ಮಾತನ್ನು ತಾನಾಗಿ ಎಂದೂ ತೆಗೆಯಲಿಲ್ಲ, ಕೇಳಿದರೆ ಮಾತ್ರ, "ನೀರು ಒಮ್ಮೆಲೇ ನುಗ್ಗೂದು ಕಾಣತೈತಿ ಸಾವಕಾರ್ರ, ಒಳಗ ಜಿನುಗೂದು ಕಾಣಂಗಿಲ್ಲ" ಅಂದ. ಮಿತ ಮಾತಿನ ಮನುಷ್ಯ. ಮಧ್ಯಾಹ್ನ ಎರಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಇಷ್ಟೇ ಅವನ ಊಟ. ಉಳ್ಳಾಗಡ್ಡಿಯನ್ನು ಕೊಯ್ಯುತ್ತಿರಲಿಲ್ಲ, ಮುಷ್ಟಿಯಿಂದ ಗುದ್ದಿ ಒಡೆಯುತ್ತಿದ್ದ. ಆಯಿ ಎಣ್ಣಿಗಾಯಿ ಬಡಿಸಿದರೆ ಮಾತ್ರ ಮೂರನೆಯ ರೊಟ್ಟಿ.

ಟೈಲ್ಸ್ ನೀರು ತಡೀತಾವ ಅಂತ ಎಲ್ಲರಂತೆ ನಾವೂ ತಿಳಿದಿದ್ದೆವು. ಅಜ್ಜ ಒಂದು ಹಳೆ ಟೈಲ್ಸ್ ಎಬ್ಬಿಸಿ ಹಿಂದಿನ ಸಿಮೆಂಟನ್ನು ಉಗುರಿನಿಂದ ಕೆರೆದು ತೋರಿಸಿದ. ಹಸಿಯಾಗಿತ್ತು. ಎರಡು ಟೈಲ್ಸ್ ನಡುವಿನ ಸಂದಿಗೆ ತುಂಬುವ ಪುಡಿ ನೀರು ಕುಡಿಯುತ್ತದೆ, ಕುಡಿದದ್ದನ್ನು ಗೋಡೆಗೆ ಕೊಡುತ್ತದೆ. ಗೋಡೆಯೇ ನೀರು ಬೇಡ ಅನ್ನುವ ಹಾಗೆ ಮೊದಲು ಮಾಡಬೇಕು. ಅದೂ ಟಬ್ಬು ಕೂಡಿಸುವ ಮೊದಲೇ. ಆಮೇಲೆ ಅದರ ಹಿಂದೆ ಕೈ ಹೋಗುವುದಿಲ್ಲ.

ನಮ್ಮ ಭಾಗದ ಎರಿ ಮಣ್ಣಿನ ಸ್ವಭಾವ ಗೊತ್ತಲ್ಲ? ಮಳೆಗೆ ಉಬ್ಬುತ್ತದೆ, ಬ್ಯಾಸಿಗಿಗೆ ಬಿರಿಯುತ್ತದೆ, ಜತೆಗೆ ಮನೆಯನ್ನೂ ಕೂದಲೆಳೆಯಷ್ಟು ಅಲುಗಿಸುತ್ತದೆ. ಬರೀ ಸಿಮೆಂಟಿನ ಹಾಲು ಬಳಿದರೆ ಸೀಳುತ್ತದೆ. ಅದಕ್ಕೆ ಸಿಮೆಂಟಿನ ಪುಡಿಗೆ ಹಾಲಿನಂಥ ರಾಸಾಯನಿಕ ಕೂಡಿಸಿ, ಒಣಗಿದ ಮೇಲೂ ತುಸು ಬಾಗುವ ಲೇಪ ಹಚ್ಚಬೇಕು. ಗೋಡೆ ಕೂಡುವ ಮೂಲೆಗಳಲ್ಲೇ ಬಿರುಕು ಮೊದಲು ಬೀಳೋದು. ಅಲ್ಲಿ ಬಲೆಯಂಥ ಪಟ್ಟಿಯನ್ನು ಹಸಿ ಲೇಪದಲ್ಲಿ ಕೂಡಿಸಿದ. ಗೋಡೆಗೆ ನೀರು ಚಿಮುಕಿಸಿ ಮೊದಲ ಕೋಟು ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಕೆಳಗೆ ನೆಲಕ್ಕೆ ಇಳಿಸಿದ, ಮೇಲೆ ಷವರಿನ ತಲೆಯವರೆಗೆ ಏರಿಸಿದ. ನಳದ ಪೈಪು ಗೋಡೆಯಿಂದ ಹೊರಬರುವ ತೂತಿನ ಸುತ್ತ ಬೆರಳಿನಿಂದಲೇ ತಿಕ್ಕಿದ. ಎಷ್ಟೋ ಮಂದಿ ಬಿಟ್ಟುಬಿಡುವ ಜಾಗ ಅದು.

ಈ ನಡುವೆ ಅವನ ಕೈಕೆಳಗಿನ ಹುಡುಗರು ಸವದತ್ತಿ ಎಲ್ಲವ್ವನ ಗುಡ್ಡಕ್ಕೆ ಹೋಗಿಬಿಟ್ಟರು. ಹುಣ್ಣಿಮೆ ಬಂದಾಗ ಈ ಸೀಮೆಯಲ್ಲಿ ಯಾರನ್ನೂ ಹಿಡಿದು ನಿಲ್ಲಿಸಲಾಗದು. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಮೆತ್ತಿಕೊಂಡು, ಕಡಬು ಹೋಳಿಗೆಯ ಗಂಟು ಹೊತ್ತು ಬಂದರು. ಕಾಕಾ ಸಿಡಿಮಿಡಿಗೊಂಡರೂ ಅಜ್ಜ, "ಹೋಗಲಿ ಬಿಡ್ರಿ, ಗ್ವಾಡಿ ಒಣಗತೈತಿ" ಅಂದ. ಲೇಪ ಪೂರ್ತಿ ಒಣಗದೆ ಟೈಲ್ಸ್ ಹಚ್ಚುವ ಹಾಗಿರಲಿಲ್ಲ ಅನ್ನೋದೂ ನಿಜವೇ.

ಆ ಬಿಡುವಿನಲ್ಲೇ ಕಿತ್ತೂರಲ್ಲೊಂದು ಲಗ್ನ ಇತ್ತು. ಊಟ ಮುಗಿಸಿ ಅಜ್ಜನನ್ನೂ ಕರೆದುಕೊಂಡು ಕೋಟೆಗೆ ಹೋದೆವು. ರಾಣಿ ಚೆನ್ನಮ್ಮನ ಅರಮನೆಯಲ್ಲಿ ಉಳಿದದ್ದು ಈಗ ಅರ್ಧ ಗೋಡೆಗಳು. ಬಂದವರೆಲ್ಲ ಧ್ರುವ ನಕ್ಷತ್ರ ನೋಡುವ ಕಿಂಡಿಗೆ ಕಣ್ಣು ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜ ಅತ್ತ ಹೋಗಲೇ ಇಲ್ಲ. ಸ್ನಾನದ ಕೋಣೆಯ ಕಡೆ ನಡೆದು, ಗೋಡೆಗೆ ಇನ್ನೂ ಹಿಡಿದಿದ್ದ ಗಚ್ಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಅವನ ಅಪ್ಪ ಗಚ್ಚು ಅರೆದವನಂತೆ. ಸುಣ್ಣ, ಉಸುಕು, ಇಟ್ಟಂಗಿ ಪುಡಿ ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಇಟ್ಟಂಗಿ ಪುಡಿ ಬೆರೆತ ಸುಣ್ಣ ಹಸಿಯಲ್ಲೂ ಗಟ್ಟಿಯಾಗುತ್ತದೆ, ಅದಕ್ಕೇ ತೊಟ್ಟಿಗೂ ಬಾವಿಗೂ ಅದೇ ಬೇಕು. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಇಲ್ಲಿ ಬಿದ್ದ ಯುದ್ಧ ನಮಗೆಲ್ಲ ಬಾಯಿಪಾಠ. ಆ ಗೋಡೆ ಕಟ್ಟಿದವರ ಕೈಗೆಲಸದ ಪಾಠ ಮಾತ್ರ ಶಾಲೆಯಲ್ಲಿ ಯಾರೂ ಮಾಡಲಿಲ್ಲ. ಮಾಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಮರಳಿ ಬಂದ ಮೇಲೆ ಅಜ್ಜ ಬಚ್ಚಲ ಬಾಯಿಗೆ ಅರಿವೆ ತುರುಕಿ, ಹೊಸ್ತಿಲಿಗೆ ಮಣ್ಣಿನ ಕಟ್ಟೆ ಹಾಕಿ, ನೆಲಕ್ಕೆ ನೀರು ನಿಲ್ಲಿಸಿದ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ. ಒಂದು ಹಗಲು, ಒಂದು ರಾತ್ರಿ. ಆಯಿ ನಿದ್ದೆಗೆಟ್ಟು ಜಗಲಿಯ ಗೋಡೆ ಮುಟ್ಟಿ ನೋಡುತ್ತಿದ್ದಳು. ಮುಂಜಾನೆ ನೀರು ಗೆರೆಯಲ್ಲೇ ಇತ್ತು. ಆಮೇಲೇ ಟಬ್ಬು, ಆಮೇಲೇ ಟೈಲ್ಸ್. ಕಡೆಗೆ ಟಬ್ಬಿನ ಅಂಚಿಗೂ ಟೈಲ್ಸಿಗೂ ನಡುವೆ ಸಿಲಿಕೋನ್ ತುಂಬುವಾಗ ಟಬ್ಬಿನ ತುಂಬ ನೀರು ಬಿಡಿಸಿದ. ಇನ್ನೂರು ಲೀಟರ್ ನೀರೆಂದರೆ ಇನ್ನೂರು ಕಿಲೋ ಭಾರ. ಆ ಭಾರಕ್ಕೆ ಟಬ್ಬು ಕೆಳಗೆ ಜಗ್ಗಿ ಸಂದಿ ಅಗಲವಾಗುತ್ತದೆ, ಅಗಲವಾದಾಗ ತುಂಬಿದರೆ ಮುಂದೆ ಹರಿಯುವುದಿಲ್ಲ.

ಕಾಕಾ ಅದರಲ್ಲಿ ಕೂತು ಜಳಕ ಮಾಡಿದ್ದು ಕೆಲವೇ ಸಲ. ಬ್ಯಾಸಿಗಿಯಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾಯಬೇಕು. ನೀರು ಬಂದ ದಿನ ಹಂಡೆ, ಕೊಡ, ಬ್ಯಾರಲ್ ತುಂಬಿದ ಮೇಲೆ ಆಯಿ ಟಬ್ಬನ್ನೂ ತುಂಬಿಸತೊಡಗಿದಳು. ಕಾಕಾನಿಗೆ ಮತ್ತೆ ಹಂಡೆಯ ನೀರೇ ಗತಿಯಾಯಿತು, ಬೆನ್ನಿಗೆ ಆಯಿ ಬಿಸಿ ಉಸುಕಿನ ಗಂಟು ಕೊಟ್ಟಳು. ಟಬ್ಬು ಹಗಲೂ ರಾತ್ರಿ ತುಂಬಿಯೇ ಇರುತ್ತದೆ, ಮಕ್ಕಳು ತಂಬಿಗೆಯಿಂದ ಮೊಗೆದು ಗೋಡೆಗೆಲ್ಲ ಚೆಲ್ಲುತ್ತಾರೆ. ಜಗಲಿಯ ಗೋಡೆಗೆ ಪ್ರತಿ ದೀಪಾವಳಿಗೆ ಸುಣ್ಣ ಹಚ್ಚುವವಳು ಆಯಿಯೇ. ಉಪ್ಪು ಕೆರೆಯುವ ಕೆಲಸ ಆಮೇಲೆ ಅವಳಿಗೆ ಬಂದಿಲ್ಲ.