ಬಿಡದಿಯ ‘ದೊಡ್ಮನೆ’

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮಾರ್ಗದಲ್ಲಿ ಸುಮಾರು ೩೦ ಕಿಲೋಮೀಟರು ಕ್ರಮಿಸಿದರೆ ಬಿಡದಿಯು ದೊರೆಯುವುದು. ತಟ್ಟೆ ಇಡ್ಲಿಗೆ ಹೆಸರಾದ ಈ ಊರು ಈಗ ಮತ್ತೊಂದು ಕಾರಣದಿಂದಲೂ ವಿಖ್ಯಾತವಾಗಿದೆ. ‘ಬಿಗ್ ಬಾಸ್’ ಎಂಬ ದೂರದರ್ಶನದ ಆಟದ ಮನೆಯನ್ನು ೨೦೨೫ರಲ್ಲಿ ಇಲ್ಲಿಯ ಜಾಲಿವುಡ್ ಸ್ಟುಡಿಯೋದ ಆವರಣದಲ್ಲಿ ಸಜ್ಜುಗೊಳಿಸಿದ್ದರು. ಅಭಿಮಾನಿಗಳಿಗೆ ಅದು ‘ದೊಡ್ಮನೆ’.

೧೯೯೯ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಈ ಆಟವು ೨೦೧೩ರಲ್ಲಿ ಕನ್ನಡಕ್ಕೆ ಬಂದಿತು. ಕೆಲವರು ಸ್ತ್ರೀಪುರುಷರು ಹೊರಲೋಕದ ಸಂಪರ್ಕವನ್ನು ತೊರೆದು ತಿಂಗಳುಗಟ್ಟಲೆ ಒಂದೇ ಸೂರಿನ ಕೆಳಗೆ ಬಾಳುವರು. ಕ್ಯಾಮೆರಾಗಳು ಅಹೋರಾತ್ರಿ ನೋಡುತ್ತಿರುವುವು. ಉಳಿಯತಕ್ಕವರಾರೆಂಬುದನ್ನು ಪ್ರೇಕ್ಷಕರ ಮತವು ನಿರ್ಣಯಿಸುವುದು.

ಅಲ್ಲಿಗೆ ಹೋದ ಪ್ರಯಾಣಿಕನಿಗೆ ಕಾಣುವುದು ಗೋಡೆ ಮತ್ತು ಬಾಗಿಲು, ಇಷ್ಟೆ. ಆ ಮನೆಯ ಸುತ್ತಣ ಊರು ಇರುವುದು ಮೊಬೈಲಿನೊಳಗೆ. ನಾವು ಇಡ್ಲಿಯಂಗಡಿಯಲ್ಲಿ ಕುಳಿತಿದ್ದಾಗ ಪಕ್ಕದ ತರುಣರು ಅದನ್ನು ನಮಗೆ ತೋರಿಸಿದರು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳಲ್ಲಿ ಒಬ್ಬೊಬ್ಬ ಸ್ಪರ್ಧಿಗೂ ಒಂದೊಂದು ಪಕ್ಷವುಂಟು. ಚಿತ್ರಗಳನ್ನು ಜೋಡಿಸುವವರು, ಮತ ಯಾಚಿಸುವವರು, ವಾದಿಸುವವರು ಬೇರೆ ಬೇರೆ. ಹಾವೇರಿ ಸೀಮೆಯ ಕುರಿಗಾಹಿ ಗಾಯಕರಾದ ಹನುಮಂತನವರು ೨೦೨೫ರ ಜನವರಿಯಲ್ಲಿ ಗೆದ್ದಾಗ ೫ ಕೋಟಿಗೂ ಮಿಕ್ಕ ಮತಗಳು ಬಂದುವೆಂದು ಸಾರಲಾಯಿತು. ಗ್ರಾಮೀಣನೊಬ್ಬನನ್ನು ಅಪರಿಚಿತರು ಹೀಗೆ ತಮ್ಮ ಮನೆಯ ಮಗನೆಂದು ಎತ್ತಿಕೊಂಡದ್ದು ಸಂತೋಷದ ವಿಷಯವೇ ಸರಿ. ಆದರೆ ಅದೇ ಪ್ರೀತಿಯು ದ್ವೇಷಕ್ಕೆ ತಿರುಗಿದಾಗ, ಎದುರಾಳಿಯ ತಾಯಿತಂಗಿಯರನ್ನೂ ಬೈಯಲು ಹೇಸುವುದಿಲ್ಲ. ಆಟವಾಡುವವರಿಗೆ ಗೋಡೆಯ ರಕ್ಷೆಯಿದೆ. ಹೊರಗಿರುವ ಅವರ ಮನೆಯವರಿಗೆ ಅದಿಲ್ಲ.

೨೦೨೫ರ ಅಕ್ಟೋಬರ್ ೭ರಂದು ಈ ಆವರಣಕ್ಕೆ ಬೀಗಮುದ್ರೆ ಬಿದ್ದಿತು. ಕೊಳಚೆನೀರನ್ನು ಶುದ್ಧಿಗೊಳಿಸದೆ ಹೊರಬಿಡಲಾಗುತ್ತಿದೆಯೆಂಬುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆಕ್ಷೇಪಣೆಗಳಲ್ಲೊಂದು. ಸ್ಪರ್ಧಿಗಳನ್ನು ಬೇರೆಡೆಗೆ ಸಾಗಿಸಿದರು. ಲೋಪಗಳನ್ನು ತಿದ್ದಿಕೊಳ್ಳಲು ಅವಕಾಶವಿತ್ತು, ಕೆಲವೇ ದಿನಗಳೊಳಗೆ ಬಾಗಿಲನ್ನು ಪುನಃ ತೆರೆದರು. ಆಗ ಅಭಿಮಾನಿಗಳ ಪುಟಗಳಲ್ಲಿ ನಾವು ಕಂಡ ಪ್ರಶ್ನೆ ಬಹುಮಟ್ಟಿಗೆ ಒಂದೇ: ಆಟವು ಮುಂದುವರಿಯುವುದೇ? ಆ ಮನೆಯಲ್ಲಿ ಯಾರು ಎಷ್ಟು ಚಪಾತಿ ತಿಂದರೆಂಬುದನ್ನು ಬಲ್ಲವರಿಗೆ, ಅಲ್ಲಿಯ ಬಚ್ಚಲ ನೀರು ಎತ್ತ ಹೋಗುವುದೆಂಬುದು ಹೊಳೆದಿರಲಿಲ್ಲ.

ಬಿಡದಿಯ ನೆರೆಯಲ್ಲಿಯೇ ಭೈರಮಂಗಲದ ಕೆರೆಯಿದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬಹುಕಾಲದಿಂದ ಅಲ್ಲಿಗೆ ನೊರೆಯನ್ನು ತಂದು ಸುರಿದಿದ್ದಾಳೆ. ಅದು ಒಂದು ಸ್ಟುಡಿಯೋದ ತಪ್ಪಲ್ಲ. ಮಹಾನಗರದ ಮನೆಮನೆಗೂ ಅದರಲ್ಲಿ ಪಾಲುಂಟು. ಅದನ್ನು ಅನುಭವಿಸುವ ರೈತರಿಗೆ ಮಾತ್ರ ಅಭಿಮಾನಿಗಳ ಪಡೆಯಿಲ್ಲ. ದೊಡ್ಮನೆಯನ್ನು ನೋಡಹೋಗುವ ವಾಚಕರು ಅಲ್ಲಿಂದ ಕೆಲವೇ ಕಿಲೋಮೀಟರು ಮುಂದೆ ಹೋಗಿ, ಈ ಕೆರೆಯನ್ನೂ ನೋಡಿಕೊಂಡು ಬರಲಿ.