ಕರವೀರದ ದಾರಿಯಲ್ಲಿ ಕಣಗಿಲೆ

ಪುಣೆಯಿಂದ ಕೊಲ್ಹಾಪುರಕ್ಕೆ ಮೋಟಾರಿನಲ್ಲಿ ಹೋಗುವ ನಮ್ಮವರು ಬಹುಮಂದಿ. ಮಹಾಲಕ್ಷ್ಮಿಯ ದರ್ಶನಕ್ಕೆಂದೋ, ಅಲ್ಲಿಂದ ಮುಂದೆ ನಿಪ್ಪಾಣಿ, ಬೆಳಗಾವಿಗಳ ಕಡೆಯ ಊರಿಗೆಂದೋ ಈ ದಾರಿ ಹಿಡಿಯುತ್ತಾರೆ. ಖಂಬಾಟಕಿ ಘಾಟು, ಸಾತಾರೆಯ ಕೋಟೆ, ಕರಾಡದಲ್ಲಿ ಕೃಷ್ಣಾ-ಕೊಯ್ನಾ ಸಂಗಮ ಎಂದು ನೋಡತಕ್ಕದ್ದು ಬೇಕಾದಷ್ಟಿದೆ. ಇವುಗಳ ನಡುವೆ ಯಾರೂ ಬೆರಳಿಟ್ಟು ತೋರಿಸದ ನೋಟವೊಂದುಂಟು. ಹೆದ್ದಾರಿಯ ನಡುಪಟ್ಟಿಯಲ್ಲಿ ಅಲ್ಲಲ್ಲಿ, ಹೊಗೆ ಧೂಳುಗಳನ್ನು ಉಂಡು, ಮೇ ತಿಂಗಳ ಬಿಸಿಲಿನಲ್ಲೂ ಗುಲಾಬಿ ಬಣ್ಣದ ಗೊಂಚಲು ಹೊತ್ತು ನಿಂತ ಕಣಗಿಲೆ!

ಇದನ್ನು ಅಲ್ಲಿ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ದನ ಆಡುಗಳು ಇದಕ್ಕೆ ಬಾಯಿ ಹಾಕುವುದಿಲ್ಲ. ದಟ್ಟವಾಗಿ ಬೆಳೆದರೆ ಎದುರು ಬರುವ ವಾಹನದ ದೀಪ ಕಣ್ಣಿಗೆ ಹೊಡೆಯದು. ತೊಗಲಿನಂಥ ದಪ್ಪ ಎಲೆ ನೀರನ್ನು ಸುಲಭವಾಗಿ ಬಿಟ್ಟುಕೊಡದು. ಒಮ್ಮೆ ನೆರೆ, ಒಮ್ಮೆ ಬರ ಕಾಣುವ ಹಳ್ಳದ ದಂಡೆಯೇ ಇದರ ಸಹಜ ನೆಲೆ. 1945ರಲ್ಲಿ ಅಣುಬಾಂಬಿನಿಂದ ಸುಟ್ಟ ಹಿರೋಷಿಮಾದಲ್ಲಿ ಮೊದಲು ಅರಳಿದ ಹೂವುಗಳಲ್ಲಿ ಕಣಗಿಲೆಯೂ ಒಂದೆಂದು 1973ರಲ್ಲಿ ಆ ನಗರ ಇದನ್ನೇ ತನ್ನ ಹೂವೆಂದು ಆರಿಸಿಕೊಂಡಿತು.

ಹೆಸರುಗಳ ಸೊಗಸನ್ನೂ ನೋಡಿ. ಮರಾಠಿಯಲ್ಲಿ ಇದು ಕಣ್ಹೇರ್; ಸಾತಾರೆಯ ಬಳಿ ವೆಣ್ಣಾ ನದಿಯ ಅಣೆಕಟ್ಟಿನ ಹೆಸರೂ ಅದೇ. ಸಂಸ್ಕೃತದಲ್ಲಿ ಕರವೀರ. ಕೊಲ್ಹಾಪುರದ ಹಳೆಯ ಹೆಸರೂ ಕರವೀರ. ಆ ತಾಲ್ಲೂಕಿಗೆ ಇಂದಿಗೂ ಅದೇ ಹೆಸರು. ಊರಿನ ಹೆಸರಿಗೆ ಸ್ಥಳಪುರಾಣ ಹೇಳುವ ಕಥೆ ಬೇರೆ. ಆದರೂ ಹೆಸರು ಕೇಳಿದಾಗ ಹೂವು ನೆನಪಾಗದಿರದು. ತಮಿಳು, ಮಲೆಯಾಳಗಳಲ್ಲಿ ಇದು ಅರಳಿ. ಚೆನ್ನೈಯ ನಮ್ಮ ಬಂಧುಗಳು ಅದನ್ನು ನಮ್ಮ ಅರಳಿಮರವೆಂದು ತಿಳಿಯಬಾರದು.

ಮನೆಯಲ್ಲಿ ಬೆಳೆಸುವುದು ಸುಲಭ. ಮಳೆಗಾಲದ ಆರಂಭದಲ್ಲಿ ಪೆನ್ಸಿಲು ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿರಿ. ಬೇರು ಬಿಟ್ಟ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಕಡೆ ದೊಡ್ಡ ಕುಂಡಕ್ಕೆ ಬದಲಿಸಿ. ನೆರಳಿನಲ್ಲಿ ಗಿಡ ಸೊರಗಿ, ಹೂ ಕಡಿಮೆಯಾಗುತ್ತದೆ. ಮೇಲಿನ ಮಣ್ಣು ಒಣಗಿದಾಗ ನೀರು ಹಾಕಿದರೆ ಸಾಕು. ಕುಂಡದಲ್ಲಿ ನೀರು ನಿಲ್ಲಬಾರದು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಒಂದು ಸುತ್ತು ಹೂ ಮುಗಿದೊಡನೆ ಕೊಂಬೆ ಸವರಬೇಕು. ಹಳದಿ ಹೇನು ಮುತ್ತಿದರೆ ಸಾಬೂನಿನ ನೀರು ಚಿಮುಕಿಸಿ. ಎಲೆಯಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಗೂಡು ಕಂಡರೆ ಮಾತ್ರ ಮುಟ್ಟಬೇಡಿ. ಅದು ಚಿಟ್ಟೆಯ ಕೋಶ.

ಇನ್ನು ಎಚ್ಚರಿಕೆಯ ಮಾತು. ಕಣಗಿಲೆಯ ಎಲೆ, ಹೂ, ಕಡ್ಡಿ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವಂಥದು. ಹಳದಿ ಕಣಗಿಲೆ ಬೇರೆ ಜಾತಿಯ ಗಿಡವಾದರೂ ಅದರ ಬೀಜವೂ ಘೋರ ವಿಷವೇ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬೇಡವೆಂದು ತೀರ್ಮಾನಿಸಿತು, ಪೂಜೆಗೆ ಬೇಡವೆನ್ನಲಿಲ್ಲ. ನಮ್ಮ ಮನೆಗಳಿಗೂ ಇದೇ ಸರಿಯಾದ ಮಾರ್ಗ. ಶಿವನಿಗೆ ಏರಿಸಿ; ತೀರ್ಥದ ಬಟ್ಟಲಿಗೆ, ಹಣ್ಣಿನ ತಟ್ಟೆಗೆ ತಾಗಿಸಬೇಡಿ. ಸವರಿದ ಕಡ್ಡಿಯನ್ನು ಸುಡಬೇಡಿ. ಹಾಲು ಅಂಟಿದ ಕೈ ತೊಳೆಯಿರಿ. ಅಂಬೆಗಾಲಿಡುವ ಮಗುವಿದ್ದರೆ ಕೆಲವು ವರ್ಷ ಗಿಡ ತರುವುದೇ ಬೇಡ. ಯಾರಾದರೂ ಬಾಯಿಗೆ ಹಾಕಿಕೊಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೇಯಲು ಬಂದ ಆಡನ್ನು ದೂರವಿಡುವ ವಿಷವೇ ಈ ಗಿಡವನ್ನು ಹೆದ್ದಾರಿಯಲ್ಲಿ ಉಳಿಸಿದೆ. ಆಡಿಗೆ ಗೊತ್ತಿರುವಷ್ಟು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಹೂವಿನ ಹೆಸರಿನೊಡನೆ ಅದರ ಗುಣವನ್ನೂ ಹೇಳಿಕೊಡುವ ಹೊಣೆ ಹಿರಿಯರದು.